ಟೆಸ್ಟರ್ ಹತ್ತಿದ್ರ ಸಾಕೇನು?

9 ಜೂನ್, ಸೋಮವಾರ. ಮುಂಜಾನೆ 6.50

ಮತ್ತ ಬಲ್ಬ್ ಬೆಳ್ಳಗಾತು. ಹತ್ತು ನಿಮಿಷ. ಎದುರು ಸಾಲಿನವ್ರು ನೀರು ಕಾಸಾಕ ಕಾಯಿಲ್ ಹಾಕೋ ಹೊತ್ತಿಗೇ ನಮ್ಮ ಸಾಲಿನಾಗ ಹಿಂಗ ಆಗ್ತೈತಿ. ಓಣ್ಯಾಗ ಎಲ್ಲಾರಿಗೂ ಖುಷಿ — ಇವತ್ತ ಕರೆಂಟ್ ಜೋರ್ ಐತಿ ಅಂತಾರ. ಜೋರ್ ಅಂತ. ಫ್ಯಾನ್ ಒದರಾಕತ್ತಿತ್ತು. ನನ್ನ ಅನುಮಾನ ಬ್ಯಾರೆ: ಕಂಬದ ಮ್ಯಾಲ ನ್ಯೂಟ್ರಲ್ ವಾಯರ್ ಸಡ್ಲಾಗೈತಿ, ಎದುರು ಸಾಲಿನ್ಯಾಗ ಭಾರ ಬಿದ್ರ ನಮ್ಮ ಸಾಲಿಗೆ ವೋಲ್ಟೇಜ್ ಏರ್ತೈತಿ. ಅಳೀಲಾರದ ಹೆಂಗ ಹೇಳ್ಲಿ? ಹಳೇ ಮಲ್ಟಿಮೀಟರ್ ಹೋದ ತಿಂಗಳ ನಾನಾ ಸುಟ್ಟೀನಿ. ವಾಯರ್ ವೋಲ್ಟ್ ತೂತಿಗೆ ಹಾಕೋದು ಮರತು, ಆಂಪ್ಸ್ ತೂತಿನಾಗನ ಬಿಟ್ಟು ಪ್ಲಗ್ಗಿಗೆ ಚುಚ್ಚಿದೆ. ಢಂ. ನಂದಾ ತಪ್ಪು.

ಅದಾ ದಿನ, ಸಂಜಿ

ಪೋಸ್ಟ್ ಆಫೀಸಿನಿಂದ ಬಂದು ಬ್ಯಾಗ್ ಇಟ್ಟಿಲ್ಲ, ಬಾಜೂಮನಿ ಶೇಖರಮ್ಮ ಬಾಗಿಲಿಗೆ ಬಂದ್ರು. ಅವರ ಟಿವಿ ಸುಟ್ಟೈತಿ. ಹೋದ ವಾರ ಅದರ ಸ್ವಿಚ್ ಬದಲ್ ಮಾಡಿಕೊಟ್ಟಾಕಿ ನಾನು. ಪುಕ್ಕಟೆ. "ನೀ ಕೈ ಹಚ್ಚಿದ ಮ್ಯಾಲನ ಹಿಂಗ ಆತು, ಪದ್ಮಾವತಿ" ಅಂದ್ರು. ಓಣಿಗೆಲ್ಲಾ ಕೇಳೂ ಹಂಗ. ಲೈನ್‌ಮನ್ ಬೀರಲಿಂಗನ್ನೂ ಕರಕೊಂಡು ಬಂದಿದ್ರು. ಅಂವ ಟೆಸ್ಟರ್ ಚುಚ್ಚಿದ, ಕೆಂಪು ದೀಪ ಹತ್ತಿತು. "ಕರೆಂಟ್ ಬರೋಬ್ಬರಿ ಐತ್ರಿ. ಒಳಗಿನ ಕೆಲಸ ಕೆಡಿಸ್ಯಾರ."

ಟೆಸ್ಟರ್ ಕರೆಂಟ್ ಐತಿ ಅಂತ ಹೇಳ್ತೈತಿ, ಎಷ್ಟ ಐತಿ ಅಂತ ಹೇಳಂಗಿಲ್ಲ. ಅಂದೆ. ಯಾರ ಕೇಳ್ತಾರ...

ಇಪ್ಪತ್ತು ವರ್ಷದಿಂದ ಸಾಲ್ಡರ್ ಹಿಡದೀನಿ. ರೇಡಿಯೋ ಮಾಡೀನಿ, ಆಂಪ್ಲಿಫೈಯರ್ ಮಾಡೀನಿ. ಕೆಡಿಸಿದಾಕಿ ಅನಿಸ್ಕೊಂಡು ಈ ತುರ್ವಿಹಾಳದಾಗ ಇರಂಗಿಲ್ಲ ನಾ.

11 ಜೂನ್

ಗಂಡಗ ಹೇಳಿದೆ, ಹೊಸಾ ಮೀಟರ್ ತಗೋತೀನಿ ಅಂತ. ವೀರೇಶ ಪೇಪರ್‌ನಿಂದ ಮಾರಿ ಎತ್ತಲಿಲ್ಲ. "ಅವರ ಟಿವಿ ರೊಕ್ಕ ಕೊಟ್ಟು ಕೈ ಮುಗದು ಬಿಡು. ಆ ಸಾಮಾನೆಲ್ಲಾ ಅಟ್ಟದ ಮ್ಯಾಲ ಇಡು." ಸಾಮಾನಂತ. ಕೊಡಂಗಿಲ್ಲ, ಇಡಂಗಿಲ್ಲ ಅಂದೆ. ಚಾ ಅವನಾ ಮಾಡ್ಕೊಂಡ.

14 ಜೂನ್, ಶನಿವಾರ

ರಜಾ ಹಾಕಿ ಸಿಂಧನೂರಿಗೆ ಹೋದೆ. ಗೌಸ್‌ಸಾಬ್‌ರ ಎಲೆಕ್ಟ್ರಿಕಲ್ ಅಂಗಡಿ. ದೊಡ್ಡ ಕಂಪನಿ ಮೀಟರ್ ಗಾಜಿನೊಳಗ ಇತ್ತು, ನನ್ನ ಅಳವಿನಾಗ ಇಲ್ಲ. ಸಾವಿರದ ಒಳಗಿನವು ಮೂರು ತಗಿಸಿದೆ — ಹಳದಿ, ಕೆಂಪು, ಕರೀದು.

"ಮನಿಯವ್ರ ಸಲುವಾಗಿ ಏನಮ್ಮಾ?"

"ನನ್ನ ಸಲುವಾಗಿ."

ಒಂದಾ ಪೆನ್ಸಿಲ್ ಸೆಲ್ ಮೂರಕ್ಕೂ ಹಚ್ಚಿದೆ. ಎರಡು 1.58 ಅಂದ್ವು, ಹಳದೀದು 1.71. ಹಳದಿ ಬಾಜೂಕ. ಮೀಟರಿನ ಎರಡೂ ವಾಯರ್ ತುದಿ ತುದಿ ಮುಟ್ಟಿಸಿದೆ, ಕೂಡಿದ್ರ ಪೀಂ ಅನ್ನಬೇಕು. ಕರೀದು ಮುಟ್ಟಿದ ಕೂಡಲೆ ಪೀಂ ಅಂತು, ಕೆಂಪುದು ಜರಾ ವಿಚಾರ ಮಾಡ್ತು. ಆಮ್ಯಾಲ ಸ್ಕ್ರೂಡ್ರೈವರ್ ಕೇಳಿದೆ. ಗೌಸ್‌ಸಾಬ್ ಕನ್ನಡಕ ಏರಿಸಿ ನೋಡಿದ್ರು. ಬಿಚ್ಚಿದ ಮಾಲ್ ಯಾರೂ ತಗೋಳಂಗಿಲ್ಲಮ್ಮಾ ಅಂದ್ರು. ಒಳಗಿನ ಫ್ಯೂಸ್ ನೋಡಲಾರದ ನಾ ತಗೋಳಂಗಿಲ್ರೀ ಅಂದೆ. ಜಿದ್ದಿಗೆ ಬಿದ್ದು ಒಂದು ತಾಸು ಸ್ಟೂಲಿನ ಮ್ಯಾಲ ಕುಂತೆ. ಬಂದ ಗಿರಾಕಿ ಎಲ್ಲಾ ನನ್ನ ದಾಟಿ ಹೋಗ್ಬೇಕು. ಕಡೀಕೆ ಅವರಾ ಬಿಚ್ಚಿದ್ರು. ಕೆಂಪುದರಾಗ ಆಂಪ್ಸ್ ತೂತಿಗೆ ಫ್ಯೂಸಾ ಇಲ್ಲ, ಸೀದಾ ದಪ್ಪ ತಂತಿ. ನನ್ನಂಥಾ ಮರೆವಿನಾಕಿ ಚುಚ್ಚಿದ್ರ ಕೈಯಾಗನ ಸಿಡೀತೈತಿ. ಕರೀದರಾಗ ಎರಡೂ ತೂತಿಗೆ ಫ್ಯೂಸ್ ಅದಾವ. ಗೌಸ್‌ಸಾಬ್ ಕೆಂಪುದನ್ನ ವಾಪಸ್ ಶೋಕೇಸಿಗೆ ಇಡಲಿಲ್ಲ.

ಕರೀದು ತಂದೆ. ಆರ್ನೂರೈವತ್ತು.

15 ಜೂನ್, ಐತವಾರ. ಮುಂಜಾನೆ 6.55

ಮೊದ್ಲ ತೂತು ನೋಡ್ಕೊಂಡೆ, ಎರಡ ಸಲ. 228 ವೋಲ್ಟ್, ಅಂದ್ರ ಬರೋಬ್ಬರಿ. ಎದುರು ಸಾಲಿನ್ಯಾಗ ಕಾಯಿಲ್ ಬಿತ್ತು. 261... 290... 314. ಓಡಿ ಫ್ರಿಜ್ ಪ್ಲಗ್ ಕಿತ್ತೆ. ಹತ್ತು ನಿಮಿಷಕ್ಕ ಮತ್ತ 230.

ನಾ ಕೆಡಿಸಿಲ್ಲ. ನಾ ಕೆಡಿಸಿಲ್ಲ.

ಮಧ್ಯಾಹ್ನ

ಬೀರಲಿಂಗಗ ಫೋಟೋ ಕಳಿಸಿದೆ. ಅಗ್ಗದ ಮೀಟರ್ ಅದು, ಬಾಯಿಗೆ ಬಂದಿದ್ದು ತೋರಸ್ತೈತಿ ಅಂದ. ಶೇಖರಮ್ಮಗ ತೋರ್ಸಿದೆ. ಅವರದೂ ಅದಾ ಮಾತು. ಹೊಸಾ ಟಿವಿ ತಂದಾರ, ಡಬ್ಬಿ ಇನ್ನೂ ಬಿಚ್ಚಿಲ್ಲ. ಹಚ್ಚಬ್ಯಾಡ್ರಿ ಅಂದ್ರ ಬಾಗಿಲ ಹಾಕ್ಕೊಂಡ್ರು.

19 ಜೂನ್, ಗುರುವಾರ

ನಾಕು ದಿನ ದಿನಾ ಮುಂಜಾನೆ ಫೋನ್ ಹಚ್ಚಿದೆ. ಕಾಟ ತಡೀಲಾರದ ಇವತ್ತ 6.40ಕ್ಕ ಬಂದಾನ ಬೀರಲಿಂಗ. ಶೇಖರಮ್ಮನ್ನ ನಾನಾ ಕರದೆ. ಬಲ್ಬ್ ಬೆಳ್ಳಗಾತು. ಅಂವ ಟೆಸ್ಟರ್ ಚುಚ್ಚಿ, ಹತ್ತಿದ್ದು ತೋರ್ಸಿ ನಕ್ಕ. ನಾ ಮೀಟರ್ ಹಚ್ಚಿದೆ. 309.

"ಸುಳ್ಳ ಮೀಟರ್ರಿ ಅದು."

"ಹಂಗಾರ ನಿಮ್ಮ ಫೋನ್ ಇದಾ ಪ್ಲಗ್ಗಿಗೆ ಹಾಕ್ರಿ. ಚಾರ್ಜರ್ ನಾ ಕೊಡ್ತೀನಿ."

ಕೈಯಾಗ ಫೋನ್ ಇತ್ತು, ಹೊಸಾದು. ಪ್ಲಗ್ ನೋಡಿದ, ಬಲ್ಬ್ ನೋಡಿದ. ಫೋನ್ ಕಿಸೇದಾಗ ಇಟ್ಕೊಂಡ.

ಶೇಖರಮ್ಮ ಅದನ್ನ ನೋಡಿದ್ರು. ಸೀದಾ ತಮ್ಮ ಮನಿಗೆ ಹೋಗಿ ಮೇನ್ ಬಂದ್ ಮಾಡಿ ಬಂದ್ರು.

ಏಣಿ ವೀರೇಶನಾ ಹೊತ್ತು ತಂದ. ಲೈನ್ ಬಂದ್ ಮಾಡ್ಸಿ ಬೀರಲಿಂಗ ಈಗ ಕಂಬದ ಮ್ಯಾಲ ಅದಾನ. ನ್ಯೂಟ್ರಲ್ ವಾಯರ್ ಕೈಯಾಗನ ಬಂತ್ರಿ ಅನ್ನಾಕತ್ತಾನ, ಇಲ್ಲೀತನಾ ಕೇಳ್ತೈತಿ. ಶೇಖರಮ್ಮ ಹೊರಗಿಂದ ಕರಿಯಾಕತ್ತಾರ — ಪದ್ಮಾ, ಮೀಟರ್ ತಗೊಂಡು ಬಾ, ನೀ ಎಷ್ಟ ಅಂತ ಹೇಳಿದ ಮ್ಯಾಲನ ಮೇನ್ ಹಾಕ್ತೀನಿ ಅಂತ. ಇಡೀ ಓಣಿಗೆ ಕೇಳೂ ಹಂಗ.

ಬರ್ತೀನ್ರಿ ಅಂದೆ. ಜರಾ ಕಾಯ್ಲಿ. ಇಷ್ಟು ಬರದಾ —