ನಲವತ್ತೆರಡನೇ ರೈನ್‌ಡೀರ್

ಗುಬ್ಬಿ
೨೧ ಡಿಸೆಂಬರ್ ೨೦೨೪, ಶನಿವಾರ

ಕಾವ್ಯಳ ಅಪ್ಪನಿಗೆ,

ನಮಸ್ಕಾರ. ಮದುವೆಯಾದ ಹತ್ತು ವರ್ಷದಲ್ಲಿ ನಿಮಗೆ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ನೀವು ಹಲೋ ಹಲೋ ಎಂದು ಕೂಗಿ ಕೂಗಿ ಇಟ್ಟುಬಿಡುತ್ತೀರಿ. ತಪ್ಪು ನಿಮ್ಮದಲ್ಲ, ನನ್ನ ಕಡೆಯಿಂದ ಮಾತೇ ಹೊರಡುವುದಿಲ್ಲ. ವಾಟ್ಸಾಪಿನಲ್ಲಿ ಬರೆದು ಅಳಿಸಿ, ಬರೆದು ಅಳಿಸಿ ಸಾಕಾಯಿತು. ಪೆನ್ನಿನಲ್ಲಾದರೆ ಬರೆದದ್ದು ಉಳಿಯುತ್ತದೆ.

ನೀವು ಕಳಿಸಿದ ಟಿ.ಸಿ. ಅರ್ಜಿ ತಲುಪಿದೆ. ಕಾವ್ಯಳನ್ನು ನಮ್ಮ ಶಾಲೆಯಿಂದ ಬಿಡಿಸಿ ಜನವರಿಯಿಂದ ಹಾಗಲವಾಡಿಯಲ್ಲೇ ಸೇರಿಸುತ್ತೇನೆ, ಮೊದಲು ಸೇರಿಸಿದವಳು ನೀನಾದ್ದರಿಂದ ಸಹಿಯೂ ನಿನ್ನದೇ ಬೇಕಂತೆ ಎಂದು ಬರೆದಿದ್ದೀರಿ. ಅಲ್ಲಿ ಅತ್ತೆಯವರ ಹತ್ತಿರ ಅವಳು ಚೆನ್ನಾಗಿದ್ದಾಳೆ ಎಂದೂ ಬರೆದಿದ್ದೀರಿ. ಇರಬಹುದು. ನೀವು ವಾರಕ್ಕೊಮ್ಮೆ ವಸಂತನರಸಾಪುರದ ಫ್ಯಾಕ್ಟರಿಯಿಂದ ಅಲ್ಲಿಗೆ ಹೋಗುತ್ತೀರಿ. ಗುಬ್ಬಿ ದಾರಿಯಲ್ಲೇ ಸಿಗುತ್ತದೆ, ನೀವು ಇಳಿಯುವುದಿಲ್ಲ.

ಅರ್ಜಿ ಹತ್ತು ದಿನದಿಂದ ಟೇಬಲ್ ಮೇಲಿದೆ. ನೋಡಿದರೆ ಅಳು ಬರಬೇಕಿತ್ತು, ಬರಲಿಲ್ಲ. ಆಷಾಢದಲ್ಲಿ ಏಳು ತಿಂಗಳ ಮಗು ಹೊಟ್ಟೆಯಲ್ಲೇ ಹೋಯಿತಲ್ಲ, ಆವತ್ತಿನಿಂದ ಹೀಗೆಯೇ. ಹಲ್ಲು ಕೀಳಿಸಿಕೊಂಡ ಮೇಲೆ ದವಡೆ ಜೋಮು ಹಿಡಿದಿರುತ್ತದಲ್ಲ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ, ಹಾಗಿದೆ ನನಗೆ. ಶಾಲೆಗೆ ಮಾತ್ರ ತಪ್ಪದೆ ಹೋಗುತ್ತೇನೆ. ಅಲ್ಲಿ ಮಾತು ಬರುತ್ತದೆ. ಗೆರೆ ಎಳೆಯಿರಿ, ಬಣ್ಣ ತುಂಬಿ, ಗಲಾಟೆ ಮಾಡಬೇಡಿ. ಡ್ರಾಯಿಂಗ್ ಮಿಸ್‌ಗೆ ಅಷ್ಟು ಸಾಕು.

ಮೊನ್ನೆ ಗುರುವಾರ ಮೂರನೇ ಕ್ಲಾಸಿಗೆ ರೈನ್‌ಡೀರ್, ಅದೇ ಕ್ರಿಸ್‌ಮಸ್ ತಾತನ ಗಾಡಿ ಎಳೆಯುವ ಜಿಂಕೆ, ಬರೆಯುವುದು ಹೇಳಿಕೊಟ್ಟೆ. ನಮ್ಮ ಹೆಡ್‌ಮಾಸ್ಟರ್ ಲಕ್ಷ್ಮೀನರಸಿಂಹಯ್ಯನವರು ನಿಮಗೆ ಗೊತ್ತಲ್ಲ, ಯಾವ ಹಬ್ಬವನ್ನೂ ಬಿಡುವವರಲ್ಲ. ಸಂಕ್ರಾಂತಿಗೆ ಎತ್ತು ಬರೆಸಿದ ಹಾಗೆಯೇ ಕ್ರಿಸ್‌ಮಸ್‌ಗೆ ರೈನ್‌ಡೀರ್ ಬರೆಸಿ, ವರಾಂಡ ತುಂಬಬೇಕು ಎಂದರು. ನಿಜವಾದದ್ದನ್ನು ನಾನೂ ನೋಡಿಲ್ಲ, ಮಕ್ಕಳೂ ನೋಡಿಲ್ಲ. ತಲೆಗೆ ಉದ್ದನೆಯ ತೆಂಗಿನಕಾಯಿ ಬರೆಯಿರಿ ಎಂದೆ. ಕಿವಿಗೆ ಎರಡು ವೀಳ್ಯದೆಲೆ, ಕೊಂಬಿಗೆ ಎಲೆ ಉದುರಿದ ಕೊಂಬೆ. ದೊಡ್ಡ ಕಣ್ಣು, ಕೆಂಪು ಮೂಗು, ಕೊರಳಿಗೆ ಗಂಟೆ. ನಮ್ಮ ಮಕ್ಕಳು ಬೋರ್ಡಿನಲ್ಲಿರುವುದನ್ನು ಒಂದು ಗೆರೆಯೂ ಆಚೀಚೆಯಾಗದಂತೆ ಇಳಿಸುತ್ತಾರೆ. ಎಡಗೊಂಬಿನ ಹತ್ತಿರ ನಾನು ಡಸ್ಟರಿನಿಂದ ಒರೆಸಿದ ಕಲೆ ಉಳಿದಿತ್ತು, ಅದನ್ನೂ ಬಿಟ್ಟಿರಲಿಲ್ಲ. ಎರಡನೇ ಬೆಂಚಿನಲ್ಲಿ ಗೋಡೆ ಪಕ್ಕದ ಜಾಗ ಮಾತ್ರ ಖಾಲಿ. ಅದು ಕಾವ್ಯಳದು ಎಂದು ಅವರವರೇ ಬಿಟ್ಟುಕೊಂಡಿದ್ದಾರೆ.

ನಿನ್ನೆ ಆಯಾ ರೇವಮ್ಮ ದಾರ ಕಟ್ಟಿ ನಲವತ್ತೊಂದು ಮಕ್ಕಳ ಹಾಳೆಗಳನ್ನೂ ನೇತು ಹಾಕಿದರು. ಹೆಡ್‌ಮಾಸ್ಟರು ಭೇಷ್ ಎಂದು ಹೋದರು. ಆಗ ತನುಶ್ರೀ ಎಂಬ ಹುಡುಗಿ ನನ್ನ ಸೆರಗು ಹಿಡಿದು ನಿಂತಳು. ಅವರ ಮನೆಯಲ್ಲಿ ಎರಡು ಹಸು ಇವೆ. "ಮಿಸ್, ಇದ್ಕೆ ಬಾಯೇ ಇಲ್ವಲ್ಲಾ, ಹುಲ್ಲು ಹೆಂಗ್ ತಿಂತದೆ?" ಎಂದು ಕೇಳಿದಳು.

ನೋಡಿದೆ. ನಲವತ್ತೊಂದಕ್ಕೂ ಬಾಯಿಯಿಲ್ಲ. ನಾನೇ ಬರೆದಿರಲಿಲ್ಲ, ಹಾಗಾಗಿ ಅವರೂ ಬರೆದಿರಲಿಲ್ಲ. ಅವಳು ಸೆರಗು ಬಿಡಲಿಲ್ಲ, ಇನ್ನೊಂದು ಸಲ ಕೇಳಿದಳು, ಮತ್ತೊಂದು ಸಲ ಕೇಳಿದಳು. ಕೊನೆಗೆ, ಮರೆತುಬಿಟ್ಟೆ ಕಣೇ ಎಂದೆ. "ಅಯ್ಯೋ, ಅಷ್ಟೇನಾ?" ಎಂದವಳೇ ತನ್ನ ಹಾಳೆ ಇಳಿಸಿಕೊಂಡು ಇಷ್ಟಗಲ ಬಾಯಿ ಬರೆದು, ಅದರೊಳಗೆ ಒಂದು ಹಿಡಿ ಹಸಿರು ಹುಲ್ಲನ್ನೂ ತುರುಕಿದಳು.

ಈಗ ನಿಮ್ಮಿಂದ ಮುಚ್ಚಿಟ್ಟದ್ದನ್ನು ಹೇಳಬೇಕು. ನಾನು ಆಸ್ಪತ್ರೆಯಿಂದ ಬಂದ ಮೂರನೇ ದಿನ ನೀವು ಮಾತ್ರೆ ತರಲು ಹೋಗಿದ್ದಿರಿ. ಕಾವ್ಯ ಮಂಚದ ಹತ್ತಿರ ಬಂದು, "ಅಮ್ಮಾ, ನಾನು ನಿನ್ ಹೊಟ್ಟೆ ಮೇಲೆ ತಲೆ ಇಟ್ಕೊಂಡ್ ಮಲಗ್ತಿದ್ನಲ್ಲ, ಅದಕ್ಕಾ ಪಾಪು ಸತ್ತೋಗಿದ್ದು?" ಎಂದು ಕೇಳಿದಳು. ನಾನು ಗೋಡೆ ಕಡೆ ತಿರುಗಿಕೊಂಡೆ. ಅವಳ ಮೇಲೆ ಸಿಟ್ಟಿರಲಿಲ್ಲ, ನನ್ನಾಣೆಗೂ ಇರಲಿಲ್ಲ. ಬಾಯಿ ಏಳಲಿಲ್ಲ, ಅಷ್ಟೇ. ಅವಳು ತನುಶ್ರೀ ಥರದವಳಲ್ಲ, ಒಂದೇ ಸಲ ಕೇಳಿದಳು. ಆಮೇಲೆ ನನ್ನ ಪಕ್ಕದಲ್ಲಿ ಮಲಗಲೇ ಇಲ್ಲ.

ದಸರಾ ರಜೆಗೆ ಅಜ್ಜಿ ಮನೆಗೆ ಹೋದವಳು ವಾಪಸು ಬರಲ್ಲ ಎಂದು ಹಟ ಹಿಡಿದಾಗ, ನಿನ್ನ ಮುಖ ನೋಡಿ ಮಗು ಹೆದರಿದೆ ಎಂದಿರಿ. ನಾನು ಹೌದು ಎನ್ನುವ ಹಾಗೆ ಕೂತಿದ್ದೆ. ಅದು ಹೆದರಿಕೆಯಲ್ಲ. ಎಂಟು ವರ್ಷದ ಮಗು ತನ್ನಿಂದಲೇ ಪಾಪು ಹೋಯಿತು ಎಂದು ಐದು ತಿಂಗಳಿಂದ ಹೊತ್ತುಕೊಂಡು ತಿರುಗುತ್ತಿದೆ. ನನಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದೆ. ನೀವು ಬೈಯುವುದಾದರೆ ಇದಕ್ಕೆ ಬೈಯಿರಿ.

ಅವಳಿಗೆ ನೀವೇನೂ ಹೇಳಬೇಡಿ. ಅವಳು ಕೇಳಿದ್ದು ನನ್ನನ್ನು. ಬುಧವಾರ ಕ್ರಿಸ್‌ಮಸ್ ರಜೆ, ಕರೆದುಕೊಂಡು ಬನ್ನಿ. ಉಳಿಯದಿದ್ದರೂ ಸರಿ, ಒಂದು ಗಂಟೆ ಕೂರಲಿ. ನಿನ್ನಿಂದ ಅಲ್ಲ ಕಣೇ ಎನ್ನಬೇಕು, ಬೇರೇನೂ ಬೇಡ. ಬೆಳಗ್ಗೆ ಪಾತ್ರೆ ತೊಳೆಯುತ್ತಾ ಜೋರಾಗಿ ಹೇಳಿ ನೋಡಿದೆ. ಎರಡನೇ ಸಲಕ್ಕೆ ಬಂತು.

ಇಂತಿ,
ಪಲ್ಲವಿ

ತಾ.ಕ.: ಟಿ.ಸಿ. ಅರ್ಜಿಯೂ ಇದರ ಜೊತೆಗಿದೆ. ಸಹಿ ಹಾಕಿಲ್ಲ. ಇನ್ನು ಹಾಕಿದರೂ ಆಫೀಸಿನವರು ತೆಗೆದುಕೊಳ್ಳುವುದಿಲ್ಲ, ಸ್ಕೆಚ್ ಪೆನ್ ಆಚೆ ಬದಿಗೂ ಇಳಿದಿದೆ. ಅರ್ಜಿಯ ಹಿಂಬದಿಗೆ ಕಾವ್ಯಳಿಗೆಂದು ನಲವತ್ತೆರಡನೇ ರೈನ್‌ಡೀರ್ ಬರೆದಿದ್ದೇನೆ, ಅವಳ ಕೈಗೇ ಕೊಡಿ. ಇದಕ್ಕೂ ಬಾಯಿಯಿಲ್ಲ. ಈ ಸಲ ಮರೆತದ್ದಲ್ಲ, ಅವಳು ಬಂದು ನನ್ನೆದುರಿಗೆ ಬರೆಯಲಿ ಎಂದು ಬಿಟ್ಟಿದ್ದೇನೆ.