ಅರ್ಥಿಂಗ್ ಗುಂಡಿಗೆ ಹೊಯ್ದ ನೀರು

ವೈಶಾಲಿಯ ಅಪ್ಪನಿಗೆ,

ಅತ್ತೆಯವರನ್ನು ಜಮಖಂಡಿ ದವಾಖಾನೆಗೆ ಕರೆದೊಯ್ಯುತ್ತಿದ್ದೇನೆ. ಮೊನ್ನೆ ಕರೆಂಟ್ ಮಗ್ಗ ಮುಟ್ಟಿ ಶಾಕ್ ಹೊಡೆದ ಕೈ ಇನ್ನೂ ಜುಮುಜುಮು ಅನ್ನುತ್ತಿದೆಯಂತೆ.

ನಿನ್ನೆ ನೀವು ನೂಲು ತರಲು ಹೋದಾಗ ವಾಯರ್‌ಮನ್ ಮುರಗೆಪ್ಪ ಬಂದು ಶೆಡ್ಡಿನ ಹಿಂದಿನ ಅರ್ಥಿಂಗ್ ಗುಂಡಿ ತೆರೆದ. ತೆರೆದವನೇ ಮೂಗು ಮುಚ್ಚಿಕೊಂಡ.

“ಅಕ್ಕಾರ, ದಿನಾ ಒಂದ್ ಕೊಡ ಉಪ್ಪಿನ ನೀರ್ ಹಾಕ್ರಿ ಅಂದಿದ್ದೆ. ಯಾರೋ ಉಚ್ಚಿ ಹೊಯ್ದು ಹೊಯ್ದು ತಂತೀನ ಕೊಳಿಸ್ಯಾರಲ್ರಿ!”

ತಂತಿ ಕಿಲುಬು ಹಿಡಿದು ತುಂಡಾಗಿತ್ತು. ನೆಲಕ್ಕೆ ಇಳಿಯಬೇಕಾದ ಕರೆಂಟು ಅತ್ತೆಯವರ ಕೈ ಹಿಡಿದಿದೆ. ಯಾರು ಹೊಯ್ದದ್ದೆಂದು ಅವನಿಗೆ ಏನು ಹೇಳಲಿ? “ಉಪ್ಪೂ ಆತು, ನೀರೂ ಆತು” ಎಂದು ನೀವು ಅಲ್ಲೇ ನಿಂತು ಹಲ್ಲು ಕಿಸಿಯುತ್ತಿದ್ದದ್ದು ನೆನೆದರೆ ಹೇಸಿಗೆಯಾಗುತ್ತದೆ. ಪಾಯಖಾನೆ ಹತ್ತು ಹೆಜ್ಜೆ ದೂರವಿದೆ.

ಇವತ್ತು ಅವನು ಬಚ್ಚಲ ಕಡೆ ಹೊಸ ಗುಂಡಿ ತೋಡುತ್ತಾನೆ. ಹಳೆಯದನ್ನು ಮುಟ್ಟುವುದಿಲ್ಲವಂತೆ, ಅದರೊಳಗೆ ಹೂತಿರುವ ತಾಮ್ರದ ಪ್ಲೇಟು ನೀವೇ ಕೈಯಾರೆ ತೆಗೆಯಿರಿ. ಅದನ್ನು ತೊಳೆಯಲು ಅಡುಗೆಮನೆಯ ಬಕೆಟ್ ಒಯ್ಯಬೇಡಿ. ಹೊಸ ಗುಂಡಿಗೆ ತಂತಿ ಜೋಡಿಸುವವರೆಗೆ ಮಗ್ಗ ಚಾಲೂ ಮಾಡಬೇಡಿ. ರೊಟ್ಟಿ ಬುಟ್ಟಿಯಲ್ಲಿದೆ, ಜಳಕ ಮಾಡಿ ಉಣ್ಣಿರಿ.

ಯಾರದೋ ಕೆಟ್ಟ ಕಣ್ಣು ಬಿದ್ದಿದೆಯೆಂದು ಅತ್ತೆಯವರು ಮಗ್ಗಕ್ಕೆ ನಿಂಬೆಹಣ್ಣು ಕಟ್ಟಿದ್ದಾರೆ. ನಾನು ಬಾಯಿ ಬಿಟ್ಟಿಲ್ಲ. ಸಂಜೆ ನಾವು ಬಂದ ಮೇಲೆ ನಿಮ್ಮ ಅವ್ವನಿಗೆ ನೀವೇ ಹೇಳಿ.

ಕಾಂಚನಾ