ಸೀಟಿನ ಕವರು ನನ್ನ ಕೈಯಲ್ಲೇ ಒಗೆಸಿದರು

ಡಿಸೆಂಬರ್ ೧೮, ಗುರುವಾರ.

ನನ್ನ ಡೈರಿ ಕದ್ದು ಓದುವ ಸೊಸೆಯೇ, ನಿನಗೆ ನಾಚಿಕೆ ಮಾನ ಇಲ್ಲವೇ? ಕನ್ನಡಕದ ಕೆಳಗಿಟ್ಟ ಪುಸ್ತಕ ದಿನಾ ಕನ್ನಡಕದ ಮೇಲೆ ಕೂತಿರುತ್ತದೆ. ಕಳ್ಳತನಕ್ಕೂ ಸ್ವಲ್ಪ ಅಚ್ಚುಕಟ್ಟು ಬೇಕು. ಓದು, ಇವತ್ತಿನದು ನಿನಗೇ ಬರೆದದ್ದು.

ಬೆಳಿಗ್ಗೆ ಚಳಿಗೆ ಕಾರು ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಮಗ ತಳ್ಳಿಸಿಕೊಂಡು ಗ್ಯಾರೇಜಿಗೆ ಹೋದ. ನೀನು ಸೀಟಿನ ಕವರುಗಳನ್ನು ಬಕೆಟ್ಟಿಗೆ ತುರುಕಿ, "ಅತ್ತೆ, ಇವಿಷ್ಟು ಒಗೆದುಬಿಡಿ, ನಂಗೆ ಸೊಂಟ ನೋವು" ಅಂದೆ. ಆ ಕೊರೆಯುವ ನೀರಲ್ಲಿ ಉಜ್ಜಿದೆ. ಬೆರಳ ಸಂದಿ ಒಡೆದು ಈಗಲೂ ಉರಿಯುತ್ತಿದೆ.

ಮಧ್ಯಾಹ್ನ ಮಗನಿಗೆ ಬುತ್ತಿ ಒಯ್ದರೆ ಅವನು ಬ್ಯಾಟರಿ ತರಲು ಹೋಗಿದ್ದ. ಮೆಕ್ಯಾನಿಕ್ ಕಾರಿನಡಿಯಿಂದ ತಲೆ ಹೊರಹಾಕಿ, "ಏನಜ್ಜಿ, ಮುಂದಿನ ತಿಂಗಳು ದೊಡ್ಡ ಮಗನ ಮನೆಗಂತೆ? ಇನ್ನು ಅಲ್ಲೇ ಇರ್ತೀರಂತೆ. ನಿಮ್ಮ ಮಂಚಾನೂ ಕಾರಿನ ಮೇಲೆ ಕಟ್ಟಬೇಕಂತೆ. ಅದಕ್ಕೇ ಬ್ರೇಕು ಟೈಟು ಮಾಡ್ತಿದೀನಿ" ಅಂದ.

"ಮಾಡಪ್ಪ, ದಾರೀಲಿ ಏನಾದ್ರೂ ಆದ್ರೆ ಪಾಪ, ಮಂಚ ಮುರಿಯುತ್ತೆ" ಅಂದೆ. ಅವನು ನಕ್ಕ.

ಗ್ಯಾರೇಜಿನವನಿಗೆ ಗೊತ್ತು, ಮಂಚದ ಮೇಲೆ ಮಲಗುವವಳಿಗೆ ಗೊತ್ತಿಲ್ಲ. ನನ್ನನ್ನು ಸಾಗಹಾಕುವ ಗಾಡಿಗೆ ನನ್ನ ಕೈಯಲ್ಲೇ ಕವರು ಒಗೆಸಿದಿರಲ್ಲ! ಸಂಜೆ ಮಗ ನನಗೆ ಬೆನ್ನು ಹಾಕಿ ಕೂತ. ಟೀವಿಯ ಕಡೆ ತಿರುಗಿಯೇ ಉಂಡ.

ಇದು ಯಾರ ಬುದ್ಧಿ, ನಿನ್ನದೋ ಅವನದೋ? ನಿನ್ನದಾದರೆ ಬಾಯಿ ತುಂಬ ಬೈದು ಹೊರಡುತ್ತೇನೆ. ಅವನದಾದರೆ ಯಾರನ್ನು ಬೈಯಲಿ? ಮುಂದಿನ ತಿಂಗಳು ಹುಟ್ಟುವ ಮೊದಲು ಈ ಹಾಳೆಯ ಕೆಳಗೇ ಉತ್ತರ ಬರೆ. ಅವನದಾದರೂ ನಿನ್ನದೆಂದೇ ಬರೆ.